ಒಂದು ಹೂವಿಗೆ ಐದು ಕಾಯಿ

ತಗನಿತ್, ಝಾಗೋರಾ ಜಿಲ್ಲೆ
ಮೇ 20, 1998

ಮಗಳು ಬತೂಲಳಿಗೆ,

ಅಲ್ಲಾಹನ ದಯೆಯಿಂದ ಮನೆಯಲ್ಲಿ ಎಲ್ಲರೂ ಚೆನ್ನಾಗಿದ್ದಾರೆ. ನೀನು ಕೇಳಲಿಲ್ಲ, ಆದರೂ ಹೇಳಿದ್ದೇನೆ. ಕಳೆದ ಮೂರು ಕಾಗದಗಳಲ್ಲಿ ನೀನು ಬರೆದದ್ದು ಮರಾಕೆಶ್‌ನ ಸೆಕೆಯ ವಿಷಯ ಮಾತ್ರ. ಸೆಕೆ ನಮ್ಮಲ್ಲೂ ಇದೆ. ಅದನ್ನು ಓದುವುದಕ್ಕೆ ಅಂಚೆಚೀಟಿ ದಂಡ ಮಾಡಬೇಕಾಗಿಲ್ಲ.

ನೀನು ನಿನ್ನ ಪ್ರಯೋಗಶಾಲೆಯ ಬಾಟಲಿಯಲ್ಲಿ ಬೆಳೆಸಿ ಕಳಿಸಿದ ಮಜಹೂಲ್ ಖರ್ಜೂರದ ಗಿಡಗಳನ್ನು ನೆಟ್ಟು ಈ ವಸಂತಕ್ಕೆ ಆರು ವರ್ಷ. ನನ್ನ ತೋಟದ ಹನ್ನೆರಡು ಮರಗಳೂ ಗೊನೆ ಹೊತ್ತಿವೆ. ಕಾಯಿ ಈಗಾಗಲೇ ಆಲಿವ್ ಗಾತ್ರ ದಾಟಿದೆ. ಬಿಳಿರೋಗ ಬಂದು ನಿನ್ನಪ್ಪನ ಮರಗಳೆಲ್ಲ ಒಂದೊಂದೇ ಗರಿ ಬಿಳಿಚಿಕೊಂಡು ಸತ್ತ ವರ್ಷ, ಈ ನೆಲದಲ್ಲಿ ಇನ್ನು ಖರ್ಜೂರ ಕಾಣುವುದಿಲ್ಲ ಎಂದವರು ಈಗ ಬೇಲಿಯ ಹೊರಗೆ ನಿಂತು ಕತ್ತೆತ್ತಿ ನೋಡುತ್ತಾರೆ. ನೋಡಲಿ. ಸಕಾಲಕ್ಕೆ ನೀರು ಬಿಟ್ಟವಳು ನಾನು, ಬುಡಕ್ಕೆ ಗೊಬ್ಬರ ಹೊತ್ತವಳು ನಾನು.

ಆದರೆ ಊರಿನ ಉಳಿದ ನಲವತ್ತು ಮನೆಗಳ ಮರಗಳು ಹೀಗಿಲ್ಲ. ಹೋದ ವರ್ಷ ಮೊದಲ ಫಸಲು ಕೆಟ್ಟಾಗ ಮರ ಎಳೆಯದು ಎಂದು ಸುಮ್ಮನಿದ್ದರು. ಈ ವರ್ಷವೂ ಅದೇ. ಪಕ್ಕದ ಮನೆಯ ಫದ್ಮಾಳ ಹತ್ತು ಮರಗಳಲ್ಲಿ ಎಂಟರ ಗೊನೆ ನೋಡಿದೆ. ಬಟಾಣಿಯಷ್ಟು ಕಾಯಿಗಳು ಗುಂಪುಗುಂಪಾಗಿ ಒತ್ತಿಕೊಂಡು ನಿಂತಿವೆ. ಹಿಚುಕಿದರೆ ಒಳಗೆ ಬೀಜವಿಲ್ಲ. ಇದು ಏನೆಂದು ನಮ್ಮೂರಿನ ಆರು ವರ್ಷದ ಮಗುವೂ ಹೇಳುತ್ತದೆ: ಗಂಡುಮರದ ಹೂ ತಂದು ಹೆಣ್ಣುಗೊನೆಗೆ ಸರಿಯಾಗಿ ಕಟ್ಟಿಲ್ಲ.

ಕಟ್ಟುವವನು ನಿನ್ನ ಚಿಕ್ಕಪ್ಪ ಲಹ್ಸನ್. ಇಡೀ ಊರಿಗೆ ಮರ ಹತ್ತುವವನು ಅವನೊಬ್ಬನೇ. ಬುಧವಾರದ ಸಂತೆಯಲ್ಲಿ ಅವನನ್ನು ನಿಲ್ಲಿಸಿ ಕೇಳಿದರಂತೆ: "ಏನಪ್ಪಾ ಲಹ್ಸನ್, ಅತ್ತಿಗೆ ಮರ ಹತ್ತೋವಾಗ ಮಾತ್ರ ಕಣ್ಣು ಕಾಣ್ಸುತ್ತಾ ನಿಂಗೆ?" ಅವನು ಕತ್ತೆ ಹೊಡೆದುಕೊಂಡು ಮನೆಗೆ ಬಂದ. ನಾನೂ ಅವನನ್ನು ಬೈದೆ.

ಇದಕ್ಕೆ ಏನು ಮಾಡಬೇಕು, ಬರೆ.

ನಿನ್ನ ತಾಯಿ,
ಮಹ್ಜೂಬಾ


ಮರಾಕೆಶ್
ಜೂನ್ 4, 1998

ಪ್ರೀತಿಯ ಯಮ್ಮಾ,

ನಿಮ್ಮ ಕೈಗಳಿಗೆ ಮುತ್ತು. ಕಾಗದ ಬಂದ ದಿನವೇ ಉತ್ತರ ಬರೆಯಲು ಕುಳಿತೆ. ಹರಿದು ಹಾಕಿದೆ. ಇದು ಮೂರನೆಯದು.

ಖರ್ಜೂರದ ಹೆಣ್ಣುಹೂವಿನಲ್ಲಿ ಮೂರು ಪುಟ್ಟ ಕಾಯಿಗಳಿಗೆ ಜಾಗವಿರುತ್ತದೆ. ಗಂಡುಹೂವಿನ ಪುಡಿ ಬಿದ್ದು ಒಂದರಲ್ಲಿ ಬೀಜ ಕಟ್ಟಿದರೆ ಆ ಎಳೆಬೀಜವೇ ಯಜಮಾನ. ಆಕ್ಸಿನ್, ಜಿಬ್ಬೆರೆಲಿನ್ ಎಂಬ ಹಾರ್ಮೋನುಗಳನ್ನು ಅದು ತಾನೇ ತಯಾರಿಸಿ ಸುತ್ತ ಹರಡುತ್ತದೆ. ತನ್ನ ಕಾಯಿಯನ್ನು ದಪ್ಪ ಮಾಡಿಕೊಳ್ಳುತ್ತದೆ, ಉಳಿದ ಎರಡು ಒಣಗಿ ಉದುರುತ್ತವೆ. ಬೀಜವೇ ಕಟ್ಟದಿದ್ದರೆ ಹೇಳುವವರಿಲ್ಲ, ಕೇಳುವವರಿಲ್ಲ. ಮೂರೂ ಅರೆಬರೆಯಾಗಿ ಬೆಳೆದು ನಿಲ್ಲುತ್ತವೆ. ನೀವು ನೋಡಿದ್ದು ಅದೇ ಇರಬೇಕು.

ಚಿಕ್ಕಪ್ಪ ಈ ಸಲ ಗಂಡುಹೂ ಎಲ್ಲಿಂದ ತಂದರು? ಹಳೆಯದಾಗಿತ್ತೇ? ಕಟ್ಟುವ ವಾರ ಚೆರ್ಗಿ ಬಿಸಿಗಾಳಿ ಬೀಸಿತ್ತೇ? ಅವರಿಗೂ ಅರವತ್ತು ದಾಟಿತಲ್ಲ.

ಕೆಲವು ಕಾಯಿಗಳನ್ನು ಒಂದು ಡಬ್ಬಿಯಲ್ಲಿ ಹಾಕಿ ಬಸ್ಸಿನ ಡ್ರೈವರ್ ಕೈಯಲ್ಲಿ ಕಳಿಸಿ. ನೋಡುತ್ತೇನೆ.

ಇಲ್ಲಿ ಸೆಕೆ ಹೆಚ್ಚಾಗಿದೆ. ಕ್ಷಮಿಸಿ, ಕೈ ತಪ್ಪಿ ಬರೆದೆ.

ನಿಮ್ಮ
ಬತೂಲ್


ತಗನಿತ್
ಜೂನ್ 15, 1998

ಬತೂಲ್,

ನಿನ್ನ ಕಾಗದವನ್ನು ಲಹ್ಸನ್‌ಗೆ ಓದಿ ಹೇಳಿದೆ. ಓದಬಾರದಿತ್ತು ಎಂದು ಆಮೇಲೆ ಅನ್ನಿಸಿತು. "ಅರವತ್ತು ದಾಟಿತಲ್ಲ" ಎಂಬಲ್ಲಿ ಅವನು ಚಹಾ ಲೋಟ ಕೆಳಗಿಟ್ಟ. ಅಂಗಳ ದಾಟಿ ಹೊರಗೆ ಹೋದ. ಸಕ್ಕರೆ ಕಡಿಮೆಯಾಗಿ ಎದ್ದು ಹೋದನೇನೋ ಅಂದುಕೊಂಡೆ. ಒಂದು ಗಂಟೆ ಬಿಟ್ಟು ಫದ್ಮಾಳ ಮರದ ಒಂದು ಎಳೆ ಗೊನೆ ಹಿಡಿದು ಬಂದ, ಅದನ್ನು ನನ್ನ ಕಾಲ ಬುಡದಲ್ಲಿ ಇಟ್ಟ.

"ಅತ್ತಿಗೇ, ನೀವು ಹೈಸ್ಕೂಲು ಓದಿದೋರು. ಎಣಿಸಿ."

"ಏನನ್ನೋ ಎಣಿಸೋದು?"

"ಒಂದು ಹೂವು ಕೂತಿದ್ದ ಜಾಗದಲ್ಲಿ ಎಷ್ಟು ಕಾಯಿ ಇದೆ, ಎಣಿಸಿ."

ಎಣಿಸಿದೆ. ಐದು. ಪಕ್ಕದ್ದು ನಾಲ್ಕು. ಅದರಾಚೆಯದು ಆರು.

"ನನ್ನ ಕೈ ತಪ್ಪಿದ್ರೆ ಮೂರು" ಅಂದ. "ನಮ್ಮಪ್ಪನ ಕೈ ತಪ್ಪಿದ್ರೂ ಮೂರು. ಗಂಡುಹೂ ಕಾಣದೇ ಇರೋ ಹೂವಲ್ಲಿ ಮೂರೇ ಬರೋದು, ಅಲ್ಲಾಹ್ ಇಟ್ಟಿರೋದು ಅಷ್ಟೇ. ಐದು ಬರೋ ಹೂವು ನಾನು ಕಟ್ಟೋಕೆ ಮುಂಚೇನೇ ಕೆಟ್ಟಿದ್ದು. ಇದು ಹುಟ್ಟಿದ್ದೇ ಹೀಗೆ. ನಿಮ್ಮ ಮಗಳಿಗೆ ಬರೀರಿ, ಮುದುಕನ ಕಣ್ಣಿಗೆ ಐದು ಕಾಣ್ಸುತ್ತೆ ಅಂತ."

ಬರೆದಿದ್ದೇನೆ. ಡಬ್ಬಿಯೂ ಕಳಿಸಿದ್ದೇನೆ. ಆ ಮರಗಳೆಲ್ಲ ಯಾರ ಬಾಟಲಿಯಲ್ಲಿ ಹುಟ್ಟಿದವು ಎಂದು ನಾನು ನಿನಗೆ ನೆನಪಿಸಬೇಕಾಗಿಲ್ಲ.

ಇನ್ನೊಂದು ಮಾತು. ಮರ ಹತ್ತುವವನಿಗೆ ಪ್ರತಿ ಮರದಿಂದ ಒಂದು ಗೊನೆ ಸಿಗುತ್ತದೆ. ಅದೇ ಅವನ ವರ್ಷದ ಊಟ. ತನ್ನ ಗೊನೆಯನ್ನು ತಾನೇ ಹಾಳು ಮಾಡಿಕೊಳ್ಳುವವನು ಹುಚ್ಚ. ನಿನ್ನ ಚಿಕ್ಕಪ್ಪ ಹಟಮಾರಿ ಹೌದು, ಕಿವಿ ಮಂದ ಹೌದು. ಹುಚ್ಚನಲ್ಲ.

ನನ್ನ ಮರಗಳ ಬುಡದಲ್ಲಿ ಮರಿಗಳಂತೆ ಕಂದುಗಳು ಎದ್ದಿವೆ, ಒಂದೊಂದಕ್ಕೆ ನಾಲ್ಕೈದು. ಮುದಿ ಮರದಲ್ಲಿ ಕಂದು ಯಾಕೆ ಬರುವುದಿಲ್ಲ ಎಂದು ಹಿಂದೊಮ್ಮೆ ಕೇಳಿದಾಗ, ನೆತ್ತಿಯ ಮೊಗ್ಗು ಆಕ್ಸಿನ್ ಇಳಿಸಿ ಬುಡದ ಮೊಗ್ಗುಗಳನ್ನು ಅದುಮಿಡುತ್ತದೆ, ಬೇರಿನಿಂದ ಏರುವ ಸೈಟೊಕೈನಿನ್ ಎಂಬ ಇನ್ನೊಂದು ಹಾರ್ಮೋನು ಅವನ್ನು ಎಬ್ಬಿಸಲು ನೋಡುತ್ತದೆ, ಯಾರ ಕೈ ಮೇಲೋ ಅವರ ಮಾತು ನಡೆಯುತ್ತದೆ ಎಂದು ನೀನು ಬರೆದಿದ್ದೆ. ಅದನ್ನು ಫದ್ಮಾಗೆ ಹೇಳಿದರೆ, "ಹಂಗಾದ್ರೆ ಆಕ್ಸಿನ್ ಅಂದ್ರೆ ನಮ್ಮತ್ತೆ" ಅಂದಳು. ಆ ದಿನ ಇಬ್ಬರೂ ನಕ್ಕೆವು. ಈಗ ಅವಳು ನನ್ನ ಬಾಗಿಲಿಗೆ ಬರುವುದಿಲ್ಲ.

ಮಹ್ಜೂಬಾ


ತಗನಿತ್
ಜುಲೈ 28, 1998

ಬತೂಲ್,

ಡಬ್ಬಿ ತಲುಪಿತೆಂದು ಡ್ರೈವರ್ ಹೇಳಿದ. ನೀನು ಹೇಳಲಿಲ್ಲ.

ನಿನ್ನ ಬದಲು ನಿನ್ನ ಪ್ರಯೋಗಶಾಲೆಯ ಎಂಜಿನಿಯರ್ ಬಂದ. ಬಿಳಿ ಜೀಪು, ಕಪ್ಪು ಕನ್ನಡಕ. ಜಮಾತಿನ ಹಿರಿಯರನ್ನೆಲ್ಲ ಮಸೀದಿಯ ಗೋಡೆಯ ನೆರಳಿಗೆ ಕರೆಸಿದ. ಹೆಂಗಸರು ಅಲ್ಲಿ ಕೂರುವ ಪದ್ಧತಿಯಿಲ್ಲ. ಆದರೆ ಕಾಲುವೆಯ ನೀರಿನ ಸರದಿ ಯಾರ ಹೆಸರಿನಲ್ಲಿದೆಯೋ ಅವರಿಗೆ ಜಮಾತಿನಲ್ಲಿ ಮಾತಿದೆ, ಅದೂ ಪದ್ಧತಿಯೇ. ನನ್ನ ತಂದೆಯ ಸರದಿ ನನ್ನ ಹೆಸರಿನಲ್ಲಿದೆ. ನಾನು ಹೋಗಿ ನಿಂತೆ.

ಎಂಜಿನಿಯರ್ ಎರಡೇ ಮರ ನೋಡಿದ್ದ. "ಇದು ಪರಾಗ ಕಟ್ಟೋದ್ರಲ್ಲಿ ಆಗಿರೋ ತಪ್ಪು. ಗಿಡಗಳಲ್ಲಿ ಏನೂ ದೋಷ ಇಲ್ಲ" ಎಂದ. ಜಮಾತು ಅದನ್ನು ಒಪ್ಪಿ ಕಾಗದಕ್ಕೆ ಸಹಿ ಹಾಕಿದರೆ, ಕರುಣೆಯಿಂದ ಪ್ರತಿ ಮನೆಗೂ ಹೊಸದಾಗಿ ಹತ್ತು ಗಿಡ ಉಚಿತವಾಗಿ ಕೊಡುತ್ತಾರಂತೆ. ಮುಂದೆ ಗಂಡುಹೂ ಕಟ್ಟಲು ಅವರೇ ತರಬೇತಾದ ಹುಡುಗರನ್ನು ಕಳಿಸುತ್ತಾರಂತೆ.

ನಾನು ಕೇಳಿದೆ: "ನನ್ನ ತೋಟದಲ್ಲೂ ಕಟ್ಟಿದ್ದು ಇದೇ ಲಹ್ಸನ್. ಅದೇ ವಾರ, ಅದೇ ಗಂಡುಮರದ ಹೂವು. ನನ್ನ ಗೊನೆ ನೋಡಿದ್ಯೇನಪ್ಪಾ?"

ಅವನು ಬಾಯಿ ತೆರೆಯುವ ಮೊದಲೇ ಹಿಂದಿನಿಂದ ಯಾರೋ ಕೂಗಿದರು: "ಅದೇ ಅಲ್ವಾ ನಾವೂ ಹೇಳ್ತಿರೋದು! ಅತ್ತಿಗೆ ತೋಟ ಅಂದ್ರೆ ಎರಡು ಸಲ ಹತ್ತಿ ಕಟ್ತಾನೆ, ನಮ್ಮದಾದ್ರೆ ಕೆಳಗಿಂದ್ಲೇ ಎಸೀತಾನೆ!" ಎಲ್ಲರೂ ನಕ್ಕರು. ಲಹ್ಸನ್ ಗೋಡೆಗೆ ಒರಗಿ ನಿಂತಿದ್ದ. ಅವನ ಅಂಗೈ ನೀನು ನೋಡಿದ್ದೀಯ. ಐವತ್ತು ವರ್ಷ ಮುಳ್ಳು ಹಿಡಿದ ಕೈ. ಅದನ್ನು ಜುಬ್ಬದ ಒಳಗೆ ಮುಚ್ಚಿಟ್ಟುಕೊಂಡ.

"ಒಂದು ಹೂವಿಗೆ ಐದು ಕಾಯಿ ಯಾಕೆ ಬಂತು, ಅದನ್ನ ಹೇಳು" ಎಂದೆ ಎಂಜಿನಿಯರ್‌ಗೆ.

"ಅಮ್ಮಾ, ಇವೆಲ್ಲ ನಿಮಗೆ ಅರ್ಥ ಆಗಲ್ಲ."

"ನೀನು ಅರ್ಥ ಆಗೋ ಹಾಗೆ ಹೇಳು. ಅರ್ಥ ಆಗದೇ ಹೋದ್ರೆ ಆಗ ಬೈ."

ಅವನು ಗಡಿಯಾರ ನೋಡಿದ. ಜಮಾತಿನ ಹಿರಿಯ ಹಾಜಿ ಬೂಜೆಮಾ ನಡುವೆ ಬಾಯಿ ಹಾಕಿ, "ಸುಗ್ಗಿ ಮುಗೀಲಿ, ಆಮೇಲೆ ಸಹಿ ಹಾಕೋಣ" ಎಂದು ಎಲ್ಲರನ್ನೂ ಎಬ್ಬಿಸಿದ.

ಆ ಕಾಗದವನ್ನು ನಾನು ಓದಿದೆ. ಕೆಳಗೆ 'ಪರಿಶೀಲಿಸಿದ ತಜ್ಞೆ' ಎಂದು ಟೈಪು ಮಾಡಿದೆ. ಅದರ ಮುಂದೆ ನಿನ್ನ ಹೆಸರು. ಸಹಿಯ ಜಾಗ ಖಾಲಿ.

ಮೂರು ಪ್ರಶ್ನೆ ಕೇಳುತ್ತೇನೆ. ಐದು ಕಾಯಿ ಯಾಕೆ? ಗಿಡಗಳು ಬಂದಾಗ ನನ್ನ ಹನ್ನೆರಡಕ್ಕೂ ತಗಡಿನ ಬಿಲ್ಲೆಯ ಮೇಲೆ ಒಂದರಿಂದ ಹನ್ನೆರಡು ಅಂತ ಅಂಕಿ ಇತ್ತು, ಉಳಿದವಕ್ಕೆಲ್ಲ ಅದರ ಮುಂದಿನದು. ಆ ಹನ್ನೆರಡು ನನಗೇ ಯಾಕೆ ಬಂದವು? ಆ ಖಾಲಿ ಜಾಗದಲ್ಲಿ ನೀನು ಏನು ಬರೆಯುತ್ತೀಯ?

ಮಹ್ಜೂಬಾ


ತಗನಿತ್
ಆಗಸ್ಟ್ 22, 1998

ಬತೂಲ್,

ಈ ವಾರ ಪಕ್ಕದ ಎರಡು ಊರಿನವರು ಮುಂದಿನ ವಸಂತಕ್ಕೆ ಬೇಡ ಎಂದು ಲಹ್ಸನ್‌ಗೆ ಹೇಳಿ ಕಳಿಸಿದರು. ಸೊಂಟಕ್ಕೆ ಕಟ್ಟುವ ಹಗ್ಗವನ್ನು ಎಣ್ಣೆ ಹಚ್ಚಿ ಸುತ್ತಿ ಮೊಳೆಗೆ ತೂಗುಹಾಕಿದ್ದಾನೆ. ಆಗಸ್ಟ್‌ನಲ್ಲಿ ಆ ಹಗ್ಗ ಮೊಳೆಯಲ್ಲಿ ಇದ್ದದ್ದನ್ನು ನಾನು ಎಂದೂ ಕಂಡಿಲ್ಲ.

ನಿನ್ನ ಮೌನ ನನಗೆ ಅರ್ಥವಾಗುತ್ತಿದೆ. ನಾನು ನಿನ್ನನ್ನು ಹೆತ್ತವಳು. ನೀನು ಏಳು ವರ್ಷದವಳಿದ್ದಾಗ ಜೇನಿನ ಜಾಡಿ ಒಡೆದು ಮೂರು ದಿನ ಹೀಗೇ ಬಾಯಿ ಮುಚ್ಚಿಕೊಂಡಿದ್ದೆ. ಆಗ ಬೆಕ್ಕಿಗೆ ಏಟು ಬಿತ್ತು.

ಉತ್ತರ ಬರೆ. ಇಲ್ಲವೆಂದರೆ ನಾನೇ ಬಸ್ಸು ಹತ್ತಿ ಬಂದು ನಿನ್ನ ನಿರ್ದೇಶಕರ ಬಾಗಿಲಲ್ಲಿ ಕೂರುತ್ತೇನೆ.

ಮಹ್ಜೂಬಾ


ಮರಾಕೆಶ್
ಸೆಪ್ಟೆಂಬರ್ 3, 1998

ಯಮ್ಮಾ,

ಈ ಕಾಗದವನ್ನು ಚಿಕ್ಕಪ್ಪನಿಗೆ ಓದಿ ಹೇಳಿ. ಮೊದಲು ನೀವೊಬ್ಬರೇ ಓದಿಕೊಳ್ಳಿ.

ಚಿಕ್ಕಪ್ಪನ ಕೈ ತಪ್ಪಿಲ್ಲ. ಡಬ್ಬಿ ತೆರೆದ ಕ್ಷಣವೇ ನನಗೆ ಗೊತ್ತಾಯಿತು. ನಿಜ ಹೇಳಬೇಕೆಂದರೆ ಮೇ ತಿಂಗಳ ನಿಮ್ಮ ಕಾಗದ ಓದಿದಾಗಲೇ ಗೊತ್ತಾಗಿತ್ತು. ಆದರೂ ಗಾಳಿ, ವಯಸ್ಸು ಎಂದು ಬರೆದೆ.

ಬಾಟಲಿಯಲ್ಲಿ ಗಿಡ ಮಾಡುವುದು ಹೀಗೆ. ಒಳ್ಳೆಯ ಮರದ ಕಂದಿನ ನೆತ್ತಿಯಿಂದ ಬೆಳ್ಳನೆಯ ತಿರುಳು ಕತ್ತರಿಸಿ, ಆಕ್ಸಿನ್ ಹೆಚ್ಚು ಬೆರೆಸಿದ ಪಾಕದಲ್ಲಿ ಇಡುತ್ತೇವೆ. ಆ ಆಕ್ಸಿನ್‌ಗೆ ಸಿಕ್ಕಿದ ತಿರುಳು ತಾನು ಎಲೆಯಾಗಬೇಕಿತ್ತು ಎಂಬುದನ್ನು ಮರೆತು ಬರೀ ಗಂಟಾಗಿ ಬೆಳೆಯುತ್ತದೆ. ಗಂಟನ್ನು ಒಡೆದು ಹೊಸ ಬಾಟಲಿಗಳಿಗೆ ಹಾಕಿದರೆ ಮತ್ತಷ್ಟು ಗಂಟು. ಆಮೇಲೆ ಆಕ್ಸಿನ್ ತೆಗೆದು ಸೈಟೊಕೈನಿನ್ ಕೊಂಚ ಕೊಟ್ಟರೆ ಚಿಗುರು ಮೂಡುತ್ತದೆ. ಇವೆರಡರಲ್ಲಿ ಯಾವುದೂ ಒಂಟಿಯಾಗಿ ಕೆಲಸ ಮಾಡುವುದಿಲ್ಲ. ಒಂದರ ಪ್ರಮಾಣ ಬದಲಾದರೆ ಇನ್ನೊಂದರ ಮಾತಿನ ಅರ್ಥವೇ ಬದಲಾಗುತ್ತದೆ. ಅದಕ್ಕೇ ಗಂಟನ್ನು ಆ ಆಕ್ಸಿನ್‌ನಲ್ಲಿ ಬಹಳ ಕಾಲ ಇಡಬಾರದು. ಐದಾರು ಸಲ ಒಡೆದ ಮೇಲೆ ನಿಲ್ಲಿಸಬೇಕು. ನಿಲ್ಲಿಸದಿದ್ದರೆ ಅದು ಮರೆತದ್ದನ್ನು ಪೂರ್ತಿಯಾಗಿ ನೆನಪಿಸಿಕೊಳ್ಳುವುದಿಲ್ಲ. ಬೇರು ಬರುತ್ತದೆ, ಎಲೆ ಬರುತ್ತದೆ, ನೋಡಲು ಗಿಡ ಚೆನ್ನಾಗಿಯೇ ಇರುತ್ತದೆ. ಐದಾರು ವರ್ಷದ ಮೇಲೆ ಹೂವು ಮಾಡುವಾಗ ಮಾತ್ರ ಎಡವುತ್ತದೆ. ಮೂರು ಇರಬೇಕಾದಲ್ಲಿ ಐದು. ಪುಡಿ ಬಿದ್ದರೂ ಬೀಜ ಕಟ್ಟುವುದಿಲ್ಲ.

ನಾನು ಹತ್ತೊಂಬತ್ತು ಸಲ ಒಡೆದೆ. ಆಕ್ಸಿನ್ ಪ್ರಮಾಣವನ್ನೂ ಏರಿಸಿದೆ, ಬೇಗ ಹಬ್ಬಲಿ ಎಂದು.

ಯಾಕೆ ಎಂದು ನೀವು ಕೇಳುತ್ತೀರಿ. 1989ರ ಶರತ್ಕಾಲದಲ್ಲಿ ನೀವು ಬರೆದ ಕಾಗದ ಈಗಲೂ ನನ್ನ ಹತ್ತಿರ ಇದೆ. "ಜಮಾತಿನ ಮುಂದೆ ಮಾತು ಕೊಟ್ಟು ಬಂದಿದ್ದೇನೆ. ನಲವತ್ತು ಮನೆ, ಮನೆಗೆ ಹತ್ತು. 92ರ ವಸಂತಕ್ಕೆ ನಾನೂರು ಗಿಡ ಊರಿನಲ್ಲಿ ಇಳಿಯಬೇಕು. ಆಗದಿದ್ದರೆ ಮಹ್ಜೂಬಾಳ ಮಗಳು ಎಂದು ಎಲ್ಲಿಯೂ ಹೇಳಿಕೊಳ್ಳಬೇಡ." ಆಗ ನಾನು ಕೆಲಸಕ್ಕೆ ಸೇರಿ ಒಂದೂವರೆ ವರ್ಷ. ನೇಮ ತಪ್ಪದೆ ಮಾಡಿದ ಮೊದಲ ಸುತ್ತಿನಲ್ಲಿ ಬದುಕಿ ಉಳಿದದ್ದು ಹನ್ನೆರಡು ಗಿಡ. ನಾನೂರಕ್ಕೆ ಇನ್ನೂ ನಾಲ್ಕು ವರ್ಷ ಬೇಕು ಎಂದು ನಿಮಗೆ ಬರೆಯಬಹುದಿತ್ತು. ಬರೆಯುವ ಧೈರ್ಯವಾಗಲಿಲ್ಲ.

ಆ ಹನ್ನೆರಡನ್ನು ನಿಮ್ಮ ತೋಟಕ್ಕೆ ಕಳಿಸಿದೆ. ಉಳಿದವು ಕೆಡಬಹುದು ಎಂಬ ಅನುಮಾನ ಆಗಲೇ ಇತ್ತು. ಕೆಟ್ಟರೂ ನಿಮ್ಮದು ಕೆಡದಿರಲಿ ಎಂದುಕೊಂಡೆ.

ಇನ್ನೊಂದು ವಿಷಯ ಬಾಕಿ ಇದೆ. ನಾನೂರು ಗಿಡ ನೋಡಿ ನಿರ್ದೇಶಕರು ಬೆನ್ನು ತಟ್ಟಿದರು, ಆ ಗಂಟನ್ನೇ ಮುಂದುವರಿಸಲು ಹೇಳಿದರು. ಈಗ ಉಚಿತವಾಗಿ ಕೊಡುತ್ತೇವೆ ಎನ್ನುತ್ತಿರುವ ಹೊಸ ಗಿಡಗಳೂ ಅದೇ ಗಂಟಿನವು. ಜಮಾತು ಸಹಿ ಹಾಕಿದರೆ ಊರು ಇನ್ನೂ ಆರು ವರ್ಷ ನೀರು ಹಾಕಿ ಅದೇ ಐದು ಕಾಯಿ ನೋಡುತ್ತದೆ.

ನಾನು ಇನ್ನೂ ಸಹಿ ಹಾಕಿಲ್ಲ. ಅಕ್ಟೋಬರ್ ಕೊನೆಯವರೆಗೆ ಸಮಯ ಕೊಟ್ಟಿದ್ದಾರೆ. ಹಾಕದಿದ್ದರೆ ಕೆಲಸ ಹೋಗುತ್ತದೆ. ಊರಿಗೆ ನಿಜ ತಿಳಿದರೆ ನಿಮ್ಮ ತಲೆ ಬಾಗುತ್ತದೆ. ಅದನ್ನು ನನಗೆ ನೋಡಲಾಗದು. ಯಮ್ಮಾ, ಜಮಾತಿಗೆ ಏನೂ ಹೇಳಬೇಡಿ. ಹೊಸ ಗಿಡ ಬೇಡವೆಂದು ಮಾತ್ರ ಹೇಗಾದರೂ ತಡೆಯಿರಿ. ಚಿಕ್ಕಪ್ಪನಿಗೆ ನಾನು ತಿಂಗಳು ತಿಂಗಳು ಏನಾದರೂ ಕಳಿಸುತ್ತೇನೆ.

ಬತೂಲ್


ತಗನಿತ್
ಅಕ್ಟೋಬರ್ 11, 1998

ಬತೂಲ್,

ಐದು ವಾರ ಬರೆಯಲಿಲ್ಲ. ಕಾಯಿಸಿದ್ದಕ್ಕೆ ಕ್ಷಮೆ ಕೇಳುವುದಿಲ್ಲ. ನೀನು ನನ್ನನ್ನು ಆರು ವರ್ಷ ಕಾಯಿಸಿದ್ದೀಯ.

ಮೊದಲು ಲೆಕ್ಕ ಸರಿಮಾಡುತ್ತೇನೆ. ಆ ಕಾಗದ ಬರೆದವಳು ನಾನೇ. ಒಂದು ಅಕ್ಷರವೂ ತಪ್ಪಿಲ್ಲದೆ ನೆನಪಿದೆ. ಬಿಳಿರೋಗದಿಂದ ಊರು ಬೋಳಾಗಿತ್ತು. ಗಂಡಸರು ನೆಲ ನೋಡುತ್ತಾ ಕುಳಿತಿದ್ದರು. ನನ್ನ ಮಗಳು ಬಾಟಲಿಯಲ್ಲಿ ಮರ ಮಾಡುತ್ತಾಳೆ ಎಂಬ ಹೆಮ್ಮೆ ನನ್ನ ನಾಲಿಗೆಯ ತುದಿಯಲ್ಲಿತ್ತು. ನಾನೂರು ಎಂದೆ. ಎಷ್ಟಾಗುತ್ತದೆ ಎಂದು ನಿನ್ನನ್ನು ಕೇಳಲಿಲ್ಲ. ಖರ್ಜೂರ ಕಂದು ಹಾಕುವುದಕ್ಕೇ ವರ್ಷಗಟ್ಟಲೆ ಕಾಯುವ ಜನ ನಾವು. ನಾನು ಕಾಯಲಿಲ್ಲ. ಅದು ನನ್ನ ತಪ್ಪು, ನಾನು ಹೊರುತ್ತೇನೆ.

ಆದರೆ ಆ ಹನ್ನೆರಡು ಮರ! ಬತೂಲ್, ಎರಡು ಸುಗ್ಗಿ ನಾನು ಫದ್ಮಾಳ ಕಣ್ಣೆದುರು ಆ ಮರಗಳ ಕೆಳಗೆ ಎದೆಯುಬ್ಬಿಸಿ ನಡೆದೆ. ನೀರು ಬಿಟ್ಟವಳು ನಾನು ಎಂದೆ. ಲಹ್ಸನ್‌ನನ್ನು ಬೈದೆ. ನನ್ನನ್ನು ಕಾಪಾಡಲು ಹೋಗಿ ನನ್ನನ್ನೇ ಕಳ್ಳಮಾಲಿನ ಕಾವಲುಗಾರ್ತಿ ಮಾಡಿದೆ. ಅದನ್ನು ನಾನು ಕ್ಷಮಿಸಿಲ್ಲ. ಮುಂದೆ ಕ್ಷಮಿಸುತ್ತೇನೋ ತಿಳಿಯದು.

ಜಮಾತಿಗೆ ಹೇಳಬೇಡಿ ಎಂದು ನೀನು ಬರೆದಿದ್ದೆ. ಹೇಳಿದೆ.

ಶುಕ್ರವಾರ ನಮಾಜಿನ ನಂತರ ಎಲ್ಲರೂ ಗೋಡೆಯ ನೆರಳಿಗೆ ಬಂದಾಗ ಹೋಗಿ ನಿಂತೆ. ಹಾಜಿ ಬೂಜೆಮಾ ಕಾಗದವನ್ನು ಮಡಿಲಲ್ಲಿಟ್ಟುಕೊಂಡು ಪೆನ್ನಿನ ಮುಚ್ಚಳ ತೆಗೆಯುತ್ತಿದ್ದ.

"ಮುಚ್ಚಳ ಹಾಕು ಹಾಜಿ" ಎಂದೆ. "ಲಹ್ಸನ್ ಕೈ ತಪ್ಪಿಲ್ಲ. ತಪ್ಪಿದ್ದು ನನ್ನ ಮಗಳ ಕೈ. ಅವಳ ಕೈ ತಪ್ಪಿದ್ದು ನನ್ನ ನಾಲಿಗೆಯಿಂದ."

ನಿನ್ನ ಕಾಗದವನ್ನು ಪೂರ್ತಿ ಓದಿದೆ. ಹನ್ನೆರಡು ಮರದ ವಿಷಯ ಬರೆದ ಸಾಲನ್ನೂ ಬಿಡಲಿಲ್ಲ. ಓದಿ ಮುಗಿಸಿದ ಮೇಲೆ ಬೈಗುಳ ಶುರುವಾಯಿತು. ಆರು ವರ್ಷದ ನೀರು ಯಾರು ಕೊಡುತ್ತಾರೆ ಎಂದರು. ನಿನ್ನ ತಂದೆಯ ಗೋರಿಯನ್ನೂ ಬಿಡಲಿಲ್ಲ. ಕೊನೆಗೆ ಹಾಜಿ ಹೇಳಿದ: "ಲಲ್ಲಾ ಮಹ್ಜೂಬಾ, ಮನೆ ಮಾತು ಮನೇಲೇ ಇಟ್ಕೋಬೇಕಿತ್ತು. ತಪ್ಪು ಲಹ್ಸನ್ ಹೆಗಲ ಮೇಲಿತ್ತು, ಅವನೂ ಸುಮ್ನಿದ್ದ. ನಿಮ್ಮ ಮರ್ಯಾದೆ ನೀವೇ ಯಾಕೆ ಕಳ್ಕೊಂಡ್ರಿ?"

"ಅವನ ಹೆಗಲ ಮೇಲೆ ಇಟ್ಟಿದ್ದಾಗಲೇ ಕಳ್ಕೊಂಡಿದ್ದೆ, ಹಾಜಿ. ಇವತ್ತು ಹುಡುಕ್ಕೊಂಡು ಬಂದಿದ್ದೀನಿ."

"ಹಂಗಾದ್ರೆ ಹೊಸ ಗಿಡಾನೂ ಬೇಡ್ವಾ? ನಾವು ಏನ್ ನೆಡೋದು, ನಿಮ್ಮ ಭಾಷಣಾನಾ?" ಎಂದಳು ಒಬ್ಬಳು ಗೋಡೆಯ ಆಚೆಯಿಂದ. ಫದ್ಮಾಳ ದನಿ. ಹೆಂಗಸರೆಲ್ಲ ಗೋಡೆಯ ಹಿಂದೆ ನಿಂತು ಕೇಳಿಸಿಕೊಳ್ಳುತ್ತಿದ್ದರು.

"ನನ್ನ ಮರದ ಕಂದು ನೆಡು" ಎಂದೆ. "ಆ ಹನ್ನೆರಡು ಮರದ ಬುಡದಲ್ಲಿ ಐವತ್ತಕ್ಕೂ ಹೆಚ್ಚು ಕಂದು ಇವೆ. ತಾಯಿ ಹೆಂಗೋ ಕಂದು ಹಂಗೇ. ಮನೆಗೊಂದು. ನಲವತ್ತು ಮನೆಗೆ ಕೊಟ್ಟು ಉಳಿದ್ರೆ ನನಗೆ. ಹತ್ತು ಅಂದಿದ್ದೆ, ಒಂದು ಕೊಡ್ತಿದ್ದೀನಿ. ಇನ್ನು ಒಂಬತ್ತು ಋಣ ಇದೆ. ಮರ ಕಂದು ಹಾಕಿದ ಹಾಗೆಲ್ಲ ತೀರಿಸ್ತೀನಿ. ನಾನು ಸತ್ರೆ ಬತೂಲ್ ತೀರಿಸ್ತಾಳೆ."

ಆಗ ಲಹ್ಸನ್ ಎದ್ದು ಹಾಜಿಯ ಮಡಿಲಿನಿಂದ ಆ ಕಾಗದ ತೆಗೆದುಕೊಂಡ. ಓದಲು ಬಾರದವನು. ತಿರುಗಿಸಿ ಮುರುಗಿಸಿ ನೋಡಿ ನನಗೆ ಕೊಟ್ಟ. "ಇದನ್ನ ಬತೂಲ್‌ಗೆ ಕಳ್ಸಿ ಅತ್ತಿಗೇ. ಹಿಂದಿನ ಪುಟ ಖಾಲಿ ಇದೆ. ಬರೆಯೋಕೆ ಜಾಗ ಬೇಕಾಗುತ್ತೆ ಅವಳಿಗೆ." ಇದರ ಜೊತೆ ಇಟ್ಟಿದ್ದೇನೆ.

ಶನಿವಾರದಿಂದ ಕಂದು ಕೀಳುತ್ತಿದ್ದೇವೆ. ಲಹ್ಸನ್ ಉಳಿಯಿಂದ ತಾಯಿಮರಕ್ಕೆ ನೋವಾಗದಂತೆ ಬಿಡಿಸುತ್ತಾನೆ. ನಾನು ಒದ್ದೆ ಗೋಣಿ ಸುತ್ತುತ್ತೇನೆ. ಫದ್ಮಾ ಬಂದು ಸಾಲಿನಲ್ಲಿ ದೊಡ್ಡದನ್ನೇ ಆರಿಸಿ ಹೊತ್ತುಕೊಂಡಳು. ಗೇಟಿನ ಹತ್ತಿರ ಗೋಣಿ ಜಾರಿದಾಗ ನಾನು ಕಟ್ಟಿಕೊಟ್ಟೆ. ಅವಳು ತಿರುಗಿ ನೋಡದೆ ಹೋದಳು. ಮೂವರು ತೆಗೆದುಕೊಳ್ಳಲು ಬಂದಿಲ್ಲ. ಅವರ ಕಂದುಗಳನ್ನು ನಾನೇ ಹೊತ್ತು ಅವರ ತೋಟದಲ್ಲಿ ಇಟ್ಟು ಬಂದೆ. ನೆಡುವುದು ಬಿಡುವುದು ಅವರಿಗೆ ಸೇರಿದ್ದು.

ಲಹ್ಸನ್‌ಗೆ ನೀನು ತಿಂಗಳು ತಿಂಗಳು ಏನೂ ಕಳಿಸಬೇಡ. ಅವನು ಭಿಕ್ಷುಕನಲ್ಲ. ಇನ್ನು ಮೇಲೆ ನನ್ನ ತಲೆ ಬಾಗುತ್ತದೆ ಎಂದು ನೀನು ಹೆದರಬೇಕಾಗಿಲ್ಲ. ಅದು ಬಾಗುವುದೋ ಬಿಡುವುದೋ ನಾನು ನೋಡಿಕೊಳ್ಳುತ್ತೇನೆ. ನಿನ್ನ ಕೈ ಏನು ಬರೆಯುತ್ತದೆ ಎಂಬುದನ್ನು ನೀನು ನೋಡಿಕೋ.

ನಿನ್ನ ತಾಯಿ,
ಮಹ್ಜೂಬಾ


ಮರಾಕೆಶ್
ಅಕ್ಟೋಬರ್ 24, 1998

ಯಮ್ಮಾ,

ಕಾಗದದ ಹಿಂದಿನ ಪುಟ ಸಾಲಲಿಲ್ಲ. ಇನ್ನೂ ಎರಡು ಹಾಳೆ ಸೇರಿಸಿದೆ. ಹತ್ತೊಂಬತ್ತು ಸಲ ಒಡೆದ ದಿನಾಂಕಗಳು, ಪ್ರತಿ ಸಲದ ಆಕ್ಸಿನ್ ಪ್ರಮಾಣ, ಆ ಗಂಟಿನಿಂದ ಹೊರಟ ಗಿಡಗಳು ಯಾವ ಯಾವ ಊರಿಗೆ ಹೋದವು, ಎಲ್ಲವನ್ನೂ ನನ್ನ ನೋಟುಪುಸ್ತಕ ನೋಡಿ ಬರೆದೆ. ಒಟ್ಟು ಹನ್ನೊಂದು ಊರು. ಪರಾಗ ಕಟ್ಟಿದವರ ತಪ್ಪಿಲ್ಲ ಎಂದು ಮೊದಲ ಸಾಲಿನಲ್ಲೇ ಬರೆದು, ಸಹಿ ಹಾಕಿದೆ.

ನಿರ್ದೇಶಕರು ಓದಿ, "ನಿನಗೆ ಬುದ್ಧಿ ಇದೆಯಾ? ಇದರಲ್ಲಿ ಎಲ್ಲರಿಗಿಂತ ಮೊದಲು ಮುಳುಗೋದು ನೀನೇ" ಎಂದರು. "ಗೊತ್ತು ಸಾರ್, ಅದಕ್ಕೇ ನನ್ನ ಹೆಸರನ್ನ ಮೊದಲು ಬರೆದಿದ್ದೀನಿ" ಎಂದೆ. ಸೋಮವಾರದಿಂದ ಬರಬೇಡ ಎಂದರು. ಹನ್ನೊಂದು ಊರಿನ ಜಮಾತುಗಳಿಗೂ ಒಂದೊಂದು ಪ್ರತಿ ಅಂಚೆಗೆ ಹಾಕಿ ಆಗಿತ್ತು. ಅದು ಅವರಿಗೆ ಗೊತ್ತಿರಲಿಲ್ಲ.

ಗುರುವಾರದ ಬಸ್ಸಿಗೆ ಬರುತ್ತೇನೆ. ನನ್ನನ್ನು ಕರೆದೊಯ್ಯಲು ಚಿಕ್ಕಪ್ಪನನ್ನು ಕತ್ತೆಯೊಂದಿಗೆ ರಸ್ತೆಗೆ ಕಳಿಸಬೇಡಿ. ಸಂಜೆ ಕತ್ತಲಾದ ಮೇಲೆ ಬಾ, ಹಿಂದಿನ ಬಾಗಿಲಿಂದ ಬಾ ಎಂದು ಯಾರಾದರೂ ಹೇಳಿದರೆ ಕೇಳುವುದಿಲ್ಲ. ಮಧ್ಯಾಹ್ನವೇ ಇಳಿಯುತ್ತೇನೆ, ಎಲ್ಲರೂ ತೋಟದಲ್ಲಿರುವ ಹೊತ್ತಿಗೆ. ಫದ್ಮಾ ಚಿಕ್ಕಮ್ಮನ ಮನೆಯಿಂದ ಶುರು ಮಾಡುತ್ತೇನೆ. ಪ್ರತಿ ಬಾಗಿಲು ತಟ್ಟುತ್ತೇನೆ. ಯಾವ ಮರ ಕೆಟ್ಟಿದೆ, ಯಾವುದು ಇನ್ನು ಕೆಲವು ವರ್ಷದಲ್ಲಿ ತಾನೇ ಸುಧಾರಿಸಬಹುದು, ಯಾವುದನ್ನು ಕೀಳಬೇಕು ಎಂದು ಮರದ ಕೆಳಗೆ ನಿಂತು ಹೇಳುತ್ತೇನೆ. ಬೈಯುವವರು ಬೈಯಲಿ. ಬಾಗಿಲು ತೆರೆಯದವರ ಮುಂದೆ ತೆರೆಯುವವರೆಗೆ ಕೂರುತ್ತೇನೆ. ಕೂರುವುದನ್ನು ನಿಮ್ಮಿಂದಲೇ ಕಲಿತಿದ್ದೇನೆ.

ನಲವತ್ತು ಮನೆ ಮುಗಿಯಲು ಎಷ್ಟು ದಿನ ಬೇಕೋ ತಿಳಿಯದು. ಯಾರಾದರೂ ಊಟ ಹಾಕಿದರೆ ಉಣ್ಣುತ್ತೇನೆ.

ನಿಮ್ಮ ಮನೆಗೆ ಕೊನೆಯಲ್ಲಿ ಬರುತ್ತೇನೆ.

ಮಹ್ಜೂಬಾಳ ಮಗಳು,
ಬತೂಲ್